ಬ್ರೂನೋ ಅಂಕಲ್

ಬ್ರೂನೋ ಅಂಕಲ್‌ಗೆ ಅವರದೇ ಆದ ಒಂದು ಹೆಸರಿದೆ. ಕರೆಂಟ್ ಬಿಲ್ಲಿನಲ್ಲಿ, ಮತದಾರರ ಪಟ್ಟಿಯಲ್ಲಿ ಅದು ಈಗಲೂ ಕ್ಷೇಮವಾಗಿದೆ. ಬಡಾವಣೆಯವರು ಮಾತ್ರ ಮರೆತು ವರ್ಷಗಳಾದವು. ಇಡೀ ಆಯುಷ್ಯ ಬ್ಯಾಂಕಿನಲ್ಲಿ ದುಡಿದು, ನಾಲ್ಕು ಊರುಗಳಲ್ಲಿ ಮ್ಯಾನೇಜರ್ ಆಗಿ ಸಂಪಾದಿಸಿದ್ದ ಹೆಸರನ್ನು ಒಂದು ನಾಯಿ ಆರೇ ತಿಂಗಳಲ್ಲಿ ನುಂಗಿ ನೀರು ಕುಡಿಯಿತು. ಅವರ ಹೆಂಡತಿ ಈಗ ಬ್ರೂನೋ ಆಂಟಿ. ಹಾಲಿನವನ ಪುಸ್ತಕದಲ್ಲೂ ‘ಬ್ರೂನೋ ಮನೆ, ಒಂದೂವರೆ ಲೀಟರ್’ ಎಂದೇ ಇದೆ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸೊಂಟಕ್ಕೊಂದು ಚೀಲ, ಅಂಗೈಗೆ ಎರಡು ಸುತ್ತು ಬಿಗಿದುಕೊಂಡ ನಾಯಿಹಗ್ಗ. ಬೀದಿಯ ತಿರುವು ಬಂದರೆ ನಾಯಿಯನ್ನು ಹಿಂದೆ ನಿಲ್ಲಿಸಿ, ಮೊದಲು ತಾವೊಬ್ಬರೇ ಕತ್ತು ಚಾಚಿ ಇಣುಕುತ್ತಾರೆ. ವಾಕಿಂಗ್ ಹೊರಡುವುದು ಬೆಳಗಿನ ಜಾವ ಐದಕ್ಕೆ, ಇಲ್ಲವೇ ರಾತ್ರಿ ಹನ್ನೊಂದಕ್ಕೆ. ಹೊಸದಾಗಿ ಸೇರಿದ ಸೆಕ್ಯುರಿಟಿ ಹುಡುಗ ಕಳ್ಳನೆಂದು ತಿಳಿದು ಸೀಟಿ ಊದಿದ್ದೂ ಉಂಟು. ಎದುರಿಗೆ ಇನ್ನೊಂದು ನಾಯಿ ಕಂಡಿತೋ, ಸಾಲಗಾರನನ್ನು ನೋಡಿದವರಂತೆ ಪಕ್ಕದ ಕ್ರಾಸಿಗೆ ನುಗ್ಗಿಬಿಡುತ್ತಾರೆ. ಯಾವ ಮನೆಯ ಯಾವ ನಾಯಿ ಎಷ್ಟು ಹೊತ್ತಿಗೆ ಎಲ್ಲಿ ಕಾಲೆತ್ತುತ್ತದೆ ಎಂಬ ಪೂರ್ತಿ ಟೈಂಟೇಬಲ್ ಅವರಲ್ಲಿದೆ. ಆ ಮನೆಗಳಲ್ಲಿ ಮನುಷ್ಯರೂ ವಾಸಿಸುತ್ತಾರೆ ಎಂಬುದು ಅವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ.

ಬ್ರೂನೋ ಮನೆಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಗ ಬೇಸರವಾಯಿತೆಂದು ಸ್ನೇಹಿತನ ಮನೆಯಿಂದ ಮರಿ ತಂದ. ತಾಯಿ ಲ್ಯಾಬ್ರಡಾರ್, ತಂದೆ ಯಾರೆಂದು ಕೇಳಬಾರದು. ನಾಯಿಮರಿಗೆ ಲೋಕಜ್ಞಾನ ಬರುವ ಕಾಲ ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೇ ವಾರದ ತನಕ. ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ವಿಜ್ಞಾನಿಗಳು ಅಮೆರಿಕದಲ್ಲಿ ವರ್ಷಗಟ್ಟಲೆ ಮರಿಗಳನ್ನು ಸಾಕಿ ಗಮನಿಸಿ 1965ರಲ್ಲಿ ಈ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಆ ಅವಧಿಯಲ್ಲಿ ಕಂಡದ್ದೆಲ್ಲ ನಾಯಿಗೆ ನೆಂಟರಿಷ್ಟರು, ಆಮೇಲೆ ಬಂದವರೆಲ್ಲ ಅನುಮಾನಿತರು. ಬ್ರೂನೋ ಆ ಅವಧಿಯಲ್ಲಿ ಕಂಡದ್ದು ಮನೆಯ ಮೂವರು, ಒಂದು ಲ್ಯಾಪ್‌ಟಾಪ್ ಮತ್ತು ಮಾಸ್ಕ್ ಹಾಕಿದ ಹಾಲಿನವನು. ಲೋಕದಲ್ಲಿ ಬೇರೆ ನಾಯಿಗಳಿವೆ ಎಂಬ ಸಂಗತಿ ಅದಕ್ಕೆ ತಡವಾಗಿ ತಿಳಿಯಿತು, ತಿಳಿದಾಗ ಹಿಡಿಸಲಿಲ್ಲ.

ಲೋಕ ಮತ್ತೆ ತೆರೆದುಕೊಂಡಿತು. ಮಗ ಟೊರಾಂಟೊಗೆ ಹಾರಿದ. ಈಗ ವಿಡಿಯೊ ಕಾಲ್ ಮಾಡಿದರೆ ಅಪ್ಪ–ಅಮ್ಮನ ಮುಖ ಎರಡು ನಿಮಿಷ ನೋಡಿ “ಬ್ರೂನೋಗೆ ಕೊಡಿ” ಅನ್ನುತ್ತಾನೆ. ಬ್ರೂನೋ ಮಾತ್ರ ಕಿಟಕಿಯಲ್ಲಿ ಕೂತು ಬೊಗಳುವ ಉದ್ಯೋಗ ಹಿಡಿಯಿತು. ಕೊರಿಯರ್ ಹುಡುಗ ಬಂದ, ಬೊಗಳಿತು, ಹುಡುಗ ಹೋದ. ಎದುರು ಮನೆಯ ನಾಯಿ ಬಂತು, ಬೊಗಳಿತು, ಅದೂ ಹೋಯಿತು. ಅವರೆಲ್ಲ ತಮ್ಮ ಕೆಲಸ ಮುಗಿಸಿಕೊಂಡು ಹೋದದ್ದೆಂದು ನಾಯಿಗೇನು ಗೊತ್ತು? ತಾನೇ ಓಡಿಸಿದೆ ಎಂದು ಲೆಕ್ಕ ಬರೆದುಕೊಂಡಿತು. ಹೀಗೆ ದಿನಕ್ಕೆ ಇಪ್ಪತ್ತು ಗೆಲುವು ಕಂಡವರು ಯಾರು ತಾನೇ ರಾಜೀನಾಮೆ ಕೊಡುತ್ತಾರೆ!

ನಾಯಿಯ ವಿಚಾರದಲ್ಲಿ ಸಲಹೆ ಕೊಡಲು ನಾಯಿ ಸಾಕಿರಬೇಕೆಂಬ ಕಾನೂನಿಲ್ಲ. “ಕಬ್ಬನ್ ಪಾರ್ಕಿಗೆ ಕರ್ಕೊಂಡ್ ಹೋಗಿ ಹತ್ತು ನಾಯಿ ಮಧ್ಯೆ ಬಿಟ್ಬಿಡಿ ಸಾರ್, ತಾನಾಗೇ ಕಲಿಯತ್ತೆ” ಎಂದರು ಒಬ್ಬರು. ಈಜು ಬಾರದವನನ್ನು ಬಾವಿಗೆ ತಳ್ಳುವ ಈ ವಿದ್ಯೆಯಲ್ಲಿ ಕಲಿತವರು ಮಾತ್ರ ಮೇಲೆ ಬಂದು ಸಾಕ್ಷಿ ಹೇಳುತ್ತಾರೆ. ಮೆಡಿಕಲ್ ಸ್ಟೋರಿನವನು ದನಿ ತಗ್ಗಿಸಿ, “ಒಂದ್ಸಲ ಕ್ರಾಸಿಂಗ್ ಮಾಡ್ಸಿ, ಸರಿಹೋಗತ್ತೆ” ಎಂದ. ಮದುವೆಯಾಗದೆ ಹುಚ್ಚು ಬಿಡದು ಎಂಬ ಅರ್ಧ ಗಾದೆಯನ್ನು ನಮ್ಮವರು ನಾಯಿಗೂ ಅನ್ವಯಿಸುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು ಎಂಬ ಇನ್ನರ್ಧ ಯಾರಿಗೂ ನೆನಪಿರುವುದಿಲ್ಲ.

ಅಂಕಲ್ ಮೊದಲು ಹಿಡಿದದ್ದು ಯಜಮಾನಿಕೆಯ ದಾರಿ. ನಾಯಿಗಿಂತ ಮೊದಲು ತಾವು ಉಣ್ಣಬೇಕು, ಬಾಗಿಲು ದಾಟುವಾಗ ತಾವೇ ಮುಂದಿರಬೇಕು, ಗುರ್ ಎಂದರೆ ಸರಪಳಿ ಜಗ್ಗಬೇಕು. ಈ ತತ್ವದ ಬೇರು ಇರುವುದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬಾತ ಬರೆದ ಪ್ರಬಂಧದಲ್ಲಿ. ಆತ ಗಮನಿಸಿದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಆ ವಿಚಾರವನ್ನು ತಮ್ಮ 1970ರ ಪುಸ್ತಕದಿಂದ ಊರೂರಿಗೆ ಮುಟ್ಟಿಸಿದ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗಳದ್ದು ಅಪ್ಪ, ಅಮ್ಮ, ಮಕ್ಕಳಿರುವ ಸಾದಾ ಸಂಸಾರ, ಅಲ್ಲಿ ಗದ್ದುಗೆಗೆ ಗುದ್ದಾಟವಿಲ್ಲ ಎಂದು ಬರೆದರು. ಆ ಸುದ್ದಿ ನಮ್ಮ ಬಡಾವಣೆಗೆ ಇನ್ನೂ ಬಂದಿರಲಿಲ್ಲ. ಆರು ವಾರ ಯಜಮಾನಿಕೆ ನಡೆಸಿದ್ದರ ಫಲವಾಗಿ ಬ್ರೂನೋ ಗುರ್ ಎನ್ನುವುದನ್ನು ಬಿಟ್ಟಿತು. ಮುನ್ಸೂಚನೆ ಹೋಯಿತು, ಭಯ ಉಳಿಯಿತು. ಈಗ ಸದ್ದಿಲ್ಲದೆ ನೇರ ಹಾರುತ್ತಿತ್ತು. ಬೇರೆ ನಾಯಿ ಕಂಡಾಗಲೆಲ್ಲ ಕತ್ತು ನೋಯುತ್ತದೆ ಎಂದು ತಿಳಿದ ಮೇಲೆ ಬೇರೆ ನಾಯಿಗಳ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ?

ಕಡೆಗೆ ನಾಯಿಗಳಿಗೆ ಪಾಠ ಹೇಳುವ ಹುಡುಗಿಯೊಬ್ಬಳು ಬಂದಳು. ಸರಪಳಿ ಬಿಚ್ಚಿಸಿ ಎದೆಗೆ ಪಟ್ಟಿ ಹಾಕಿಸಿದಳು. ಮೂರು ದಿನ ಜೊತೆಗೆ ನಡೆದು, “ಅಂಕಲ್, ಇವನಿಗೆ ಕೋಪ ಅಲ್ಲ, ಪುಕ್ಕಲು. 60 ಅಡಿ ದೂರದಲ್ಲಿ ನಾಯಿ ಕಂಡರೆ ತಡ್ಕೋತಾನೆ. ಅದಕ್ಕಿಂತ ಹತ್ತಿರ ಬೇಡ. ಅಲ್ಲಿಂದ ಶುರು ಮಾಡೋಣ” ಎಂದಳು.

60 ಅಡಿ! ಬೆಂಗಳೂರಿನಲ್ಲಿ! ನಮ್ಮ ಸೈಟುಗಳು 30×40, ರಸ್ತೆ 30 ಅಡಿ, ಅದರಲ್ಲೂ ಎರಡೂ ಬದಿ ಕಾರು. ಬ್ರೂನೋಗೆ ಬೇಕಾದ ನೆಮ್ಮದಿಯ ಅಗಲ ಎರಡು ಸೈಟಿನಷ್ಟು, ಅಂದರೆ ಅಂಕಲ್‌ರ ಭವಿಷ್ಯನಿಧಿ ಪೂರ್ತಿ ಸುರಿದರೂ ಸಿಗದಷ್ಟು. ನಾವು ಯಾವುದಕ್ಕೆ ತಾನೇ ಅಂತರ ಬಿಟ್ಟವರು? ಕ್ಯೂನಲ್ಲಿ ಮುಂದಿನವರ ಬೆನ್ನಿಗೆ ಆತು ನಿಲ್ಲುತ್ತೇವೆ. ಪರಿಚಯವಾದ ಐದನೇ ನಿಮಿಷಕ್ಕೆ ಸಂಬಳ ಕೇಳಿ ಆರನೇ ನಿಮಿಷಕ್ಕೆ ‘ಮಕ್ಕಳು?’ ಅನ್ನುತ್ತೇವೆ. ಇಂಥ ಊರಿನಲ್ಲಿ ಒಂದು ನಾಯಿ ತನಗೆ 60 ಅಡಿ ಬೇಕೆಂದರೆ ಅದು ದುರಹಂಕಾರವಾಗಿಯೇ ಕಾಣುತ್ತದೆ.

ಚಿಕಿತ್ಸೆಯೇನೋ ಕೇಳಲು ಸರಳ. ಪಾವ್ಲೊವ್‌ನ ನಾಯಿಯ ಕತೆ ಅಂಕಲ್‌ಗೆ ಬಿ.ಎಸ್ಸಿ.ಯಿಂದಲೇ ಗೊತ್ತು. ಪುಣ್ಯಾತ್ಮನಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಜನ ನೆನಪಿಟ್ಟುಕೊಂಡದ್ದು ಗಂಟೆಯನ್ನು. ಇಲ್ಲಿ ಎದುರಿನ ನಾಯಿಯೇ ಗಂಟೆ. ನಾಯಿ ಕಂಡಿತು, ತಿಂಡಿ ಬಂತು. ನಾಯಿ ಮರೆಯಾಯಿತು, ತಿಂಡಿ ನಿಂತಿತು. ಇಷ್ಟೇ, ಸಾವಿರ ಸಲ. ಬಿಸ್ಕತ್ತನ್ನು ಬ್ರೂನೋ ಮೂಸಲಿಲ್ಲ. ಪನೀರ್ ಎರಡು ದಿನ ನಡೆಯಿತು. “ಚಿಕನ್ ಆಗ್ಬೇಕು” ಎಂದಳು ಹುಡುಗಿ.

ಮನೆಯೊಳಗೆ ಈರುಳ್ಳಿ ತರುವುದಕ್ಕೂ ಪಂಚಾಂಗ ನೋಡುವ ಸಂಸಾರ ಅದು. ಮೂರು ದಿನದ ಮಾತುಕತೆಯ ನಂತರ ಒಪ್ಪಂದವಾಯಿತು: ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಆಚೆ, ಬೇರೆ ಇಂಡಕ್ಷನ್ ಒಲೆ, ಬೇರೆ ಪಾತ್ರೆ, ಬೇರೆ ಚಾಕು. ಇಳಿದು ಬಂದವರು ನೇರ ಬಚ್ಚಲಿಗೆ. ಪರಿಚಿತರ ಕಣ್ಣು ತಪ್ಪಿಸಲು ಅಂಕಲ್ ಎರಡು ಬಡಾವಣೆ ದಾಟಿ ಕೋಳಿ ಅಂಗಡಿ ಹುಡುಕಿದರು. ಅಲ್ಲಿ ಮೊದಲ ದಿನವೇ ಎದುರಾದವರು ನಿವಾಸಿಗಳ ಸಂಘದ ಕಾರ್ಯದರ್ಶಿ, ಪರಮ ವೈಷ್ಣವರು.

“ನಾಯಿಗೆ” ಎಂದರು ಅಂಕಲ್.

“ನಮ್ದೂ ನಾಯಿಗೇ” ಎಂದರು ಕಾರ್ಯದರ್ಶಿ.

ಬಡಾವಣೆಯ ಅಷ್ಟೂ ನಾಯಿಗಳ ಜಾತಕ ಬಲ್ಲ ಅಂಕಲ್‌ಗೆ, ಕಾರ್ಯದರ್ಶಿಗಳ ಮನೆಯಲ್ಲಿ ನಾಯಿಯೇ ಇಲ್ಲ ಎಂಬುದು ತಾರಸಿಯಲ್ಲಿ ಚಿಕನ್ ಬೇಯುವಾಗ ಹೊಳೆಯಿತು.

ಈ ವಿದ್ಯೆಯಲ್ಲಿ ಎಲ್ಲವೂ ನಿಂತಿರುವುದು ಹಿಂದುಮುಂದಿನ ಮೇಲೆ. ಅಂಕಲ್ ಆತುರಗಾರರು. ದೂರದಲ್ಲಿ ನಾಯಿಯ ಬಾಲ ಕಾಣುವ ಮೊದಲೇ ಚೀಲಕ್ಕೆ ಕೈ ಹಾಕುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಬ್ರೂನೋ ಬೇರೆಯೇ ಪಾಠ ಕಲಿತಿತ್ತು: ಚಿಕನ್ ಬಂತೆಂದರೆ ಹಿಂದೆಯೇ ಶತ್ರು ಬಂದ. ಚೀಲದ ಜಿಪ್ಪಿನ ಸದ್ದಾದರೆ ಸಾಕು, ಕತ್ತು ನಾಲ್ಕೂ ದಿಕ್ಕಿಗೆ ತಿರುಗುತ್ತಿತ್ತು. ಅದನ್ನು ಮರೆಸಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ನಾಯಿಯ ಮುಖ ಓದುವುದನ್ನೂ ಹುಡುಗಿ ಕಲಿಸಿದಳು. ಬಾಯಿ ತೆರೆದು ನಾಲಿಗೆ ಬಿಟ್ಟಿದ್ದರೆ ಕ್ಷೇಮ. ಬಾಯಿ ಟಪ್ಪನೆ ಮುಚ್ಚಿತು, ಕಿವಿ ಮುಂದಕ್ಕೆ ಬಂತು, ಮೈ ಕಲ್ಲಾಯಿತು ಅಂದರೆ ಇನ್ನು ಎರಡು ಸೆಕೆಂಡು ಉಳಿದಿದೆ. ಆಗ “ತಿರುಗು” ಎಂದು ಹೇಳಿ ಬಂದ ದಾರಿಯಲ್ಲೇ ವಾಪಸ್. (ಮನುಷ್ಯರಲ್ಲಿ ಬಾಯಿ ಮುಚ್ಚಿದವರೇ ವಾಸಿ.)

ತಿರುಗಲು ಜಾಗವಿಲ್ಲದಲ್ಲಿ ನಿಂತ ಕಾರುಗಳ ಮರೆ. ಫುಟ್‌ಪಾತಿಗೆ ಅಡ್ಡ ನಿಲ್ಲಿಸಿದ ಕಾರುಗಳ ಮೇಲೆ ಪೊಲೀಸರಿಗೆ ದೂರು ಕೊಡುವುದು ಅಂಕಲ್‌ರ ನಿವೃತ್ತ ಜೀವನದ ಮುಖ್ಯ ಕಾಯಕವಾಗಿತ್ತು. ಈಗ ಅವೇ ಕಾರುಗಳು ಮಾನ ಕಾಪಾಡುತ್ತಿವೆ. ಏಳನೇ ಕ್ರಾಸಿನ ದೊಡ್ಡ ವ್ಯಾನನ್ನು ಯಾರೋ ತೆಗೆದಾಗ, “ಪರ್ಮನೆಂಟಾಗಿ ಅಲ್ಲೇ ಇರ್ತಿತ್ತಲ್ರೀ, ಯಾಕೆ ತೆಗೆದ್ರಿ?” ಎಂದು ಹೋಗಿ ಕೇಳಿದ್ದನ್ನು ನಾನೇ ನೋಡಿದ್ದೇನೆ.

ಕೆಲವು ದೇಶಗಳಲ್ಲಿ ಅಂತರ ಬೇಕಾದ ನಾಯಿಯ ಹಗ್ಗಕ್ಕೆ ಹಳದಿ ಪಟ್ಟಿ ಕಟ್ಟುವ ರೂಢಿಯಿದೆ. ಅಂಕಲ್ ಅದನ್ನೂ ಮಾಡಿದರು. ಹೂವಿನಾಕೆ “ಯಾವ ದೇವ್ರಿಗೆ ಹರಕೆ ಸ್ವಾಮಿ?” ಎಂದು ಹತ್ತಿರವೇ ಬಂದಳು. ನವೆಂಬರ್ ತಿಂಗಳಾದ್ದರಿಂದ ಆಟೋ ಸ್ಟ್ಯಾಂಡಿನವರು, “ಕೆಂಪು ಬಿಟ್ಬಿಟ್ಟಿದೀರಲ್ಲ ಸಾರ್” ಎಂದು ಆಕ್ಷೇಪಿಸಿ, ಬಾವುಟದಿಂದ ಒಂದು ತುಂಡು ತಂದು ಕಟ್ಟಲು ಬಗ್ಗಿದರು. ದೂರವಿರಿ ಎಂದು ಕಟ್ಟಿದ ಬಟ್ಟೆ ಇಡೀ ಬೀದಿಯನ್ನೇ ಹತ್ತಿರ ಕರೆಯಿತು.

ಎಲ್ಲಕ್ಕಿಂತ ದೊಡ್ಡ ಕಂಟಕ ಕೋಕೋ ಮೇಡಂ. ಅವರ ಗೋಲ್ಡನ್ ರಿಟ್ರೀವರ್‌ಗೆ ಹಗ್ಗವಿಲ್ಲ. ಅದು ಮುಂದೆ ಓಡಿ ಬರುತ್ತದೆ, ಹಿಂದಿನಿಂದ ದನಿ ಬರುತ್ತದೆ: “ಹೆದ್ರ್‌ಬೇಡಿ ಅಂಕಲ್, ನಮ್ದು ತುಂಬಾ ಫ್ರೆಂಡ್ಲೀ!” “ನಮ್ದು ಅಲ್ಲಮ್ಮಾ!” ಎಂದು ಅಂಕಲ್ ಅರಚುವಷ್ಟರಲ್ಲಿ ಮೂರು ವಾರದ ಚಿಕನ್ ನೀರುಪಾಲು. ನೀರಿನ ಟ್ಯಾಂಕರ್ ನಿಲ್ಲಿಸುವ ಜಗಳದಿಂದ ಮೊದಲೇ ಎರಡೂ ಮನೆಗಳಿಗೆ ಮಾತಿರಲಿಲ್ಲ. ಆದರೆ ಹುಡುಗಿ ಹೇಳಿದಳು, ಮುಂದಿನ ಪಾಠಕ್ಕೆ ಶಾಂತ ಸ್ವಭಾವದ ಇನ್ನೊಂದು ನಾಯಿ ಬೇಕು, ಕೋಕೋನೇ ಸರಿ ಎಂದು. ಆಂಟಿ ಒಂದು ಡಬ್ಬ ಕೋಡುಬಳೆ ಹಿಡಿದು ಸಂಧಾನಕ್ಕೆ ಹೋದರು. ಕೋಕೋಗೆ ಹಗ್ಗ ಬಂತು.

ಸಮಸ್ಯೆ ಜಾಗದ್ದು. ಅದನ್ನು ಬಗೆಹರಿಸಿದ್ದು ಪಂಚಾಂಗ. ಆಷಾಢ ಬಂತು, ಮದುವೆಗಳು ನಿಂತವು, ಮುಖ್ಯರಸ್ತೆಯ ಕಲ್ಯಾಣ ಮಂಟಪದ ಪಾರ್ಕಿಂಗ್ ಅಂಗಳ ಖಾಲಿ ಬಿತ್ತು. ಬೆಂಗಳೂರಿನಲ್ಲಿ ವರ್ಷಕ್ಕೊಂದು ತಿಂಗಳು ಮಾತ್ರ ಅರಳುವ 60 ಅಡಿ! ವಾಚ್‌ಮನ್ ಕಾಫಿಗೆ ಒಪ್ಪಿದ.

ಎದುರುಬದುರು ಅಲ್ಲ, ಒಂದೇ ದಿಕ್ಕಿಗೆ, ಸಮಾನಾಂತರವಾಗಿ ನಡಿಗೆ. ಎರಡೂ ನಾಯಿಗಳ ನಡುವೆ ಮನುಷ್ಯರು. ಹಗ್ಗ ಸಡಿಲ; ಬಿಗಿದ ಹಗ್ಗ ಯಜಮಾನರ ಗಾಬರಿಯನ್ನು ನೇರ ನಾಯಿಗೆ ದಾಟಿಸುತ್ತದೆ. ಕೋಕೋ ನಡೆದ ಜಾಗವನ್ನು ಬ್ರೂನೋ ಆಮೇಲೆ ಸಾವಕಾಶವಾಗಿ ಮೂಸಬಹುದು. ದಿನಕ್ಕೆ ಎರಡು ಅಡಿ ಹತ್ತಿರ, ಮುಖ ಬಿಗಿದರೆ ನಾಲ್ಕು ಅಡಿ ದೂರ. ಒಮ್ಮೆ ಬೆಳಗ್ಗೆ ಗ್ಯಾಸ್ ಸಿಲಿಂಡರ್ ಧಡಾರ್ ಎಂದಿತು, ಮಧ್ಯಾಹ್ನ ಅಣ್ಣಮ್ಮನ ಉತ್ಸವದ ತಮಟೆ ಬಡಿಯಿತು. ಸಂಜೆ ಬ್ರೂನೋ ನಿನ್ನೆ ತಡೆದುಕೊಂಡ ದೂರದಲ್ಲೇ ಸಿಡಿಯಿತು. ಹೆದರಿಕೆ ಒಂದರ ಮೇಲೊಂದು ಪೇರಿಕೊಳ್ಳುತ್ತದೆ, ಎರಡು ದಿನ ಮನೆಯಲ್ಲೇ ಇರಲಿ ಎಂದಳು ಹುಡುಗಿ.

ನಿಜವಾದ ಮೇಷ್ಟ್ರು ಸಿಕ್ಕಿದ್ದು ಗೇಟಿನ ಬಳಿ. ಮಂಟಪದ ಕರಿಯ, ಕಿವಿಯ ತುದಿಯಲ್ಲಿ ಸಂತಾನಹರಣದ ಗುರುತು ಹೊತ್ತ ಬೀದಿನಾಯಿ, ಆಷಾಢದಲ್ಲಿ ಸೊರಗಿ ಶ್ರಾವಣದಲ್ಲಿ ಉಬ್ಬುವ ಜೀವ. ಬ್ರೂನೋ ದಿಟ್ಟಿಸಿದರೆ ಕರಿಯ ಮುಖ ಪಕ್ಕಕ್ಕೆ ತಿರುಗಿಸುತ್ತಿತ್ತು. ಆಕಳಿಸುತ್ತಿತ್ತು. ಏನೋ ಕಳೆದುಹೋದಂತೆ ನೆಲ ಮೂಸುತ್ತಿತ್ತು. ನೇರ ಬಾರದೆ ಬಿಲ್ಲಿನಂತೆ ಬಳಸಿ ಬಂದು ಬೆನ್ನು ಹಾಕಿ ಕೂರುತ್ತಿತ್ತು. ನಾರ್ವೆಯ ಟುರಿಡ್ ರೂಗಾಸ್ ನಾಯಿಗಳ ಇಂಥ ಸಮಾಧಾನದ ಸನ್ನೆಗಳನ್ನು ಗಮನಿಸಿ ಪುಸ್ತಕ ಬರೆದಿದ್ದಾರೆ. ಕರಿಯ ಅದನ್ನು ಓದಿಲ್ಲ. ಬೀದಿಯಲ್ಲಿ ಬದುಕುಳಿಯಲು ಮರ್ಯಾದೆ ಕಲಿಯಲೇಬೇಕು, ಕಾಂಪೌಂಡಿನೊಳಗೆ ಅದರ ಅಗತ್ಯ ಬೀಳುವುದಿಲ್ಲ. ಒಂದು ಸಂಜೆ ಕರಿಯ ಆಕಳಿಸಿತು. ಬ್ರೂನೋನೂ ಆಕಳಿಸಿ ನೆಲ ಮೂಸಿತು. ಹುಡುಗಿ ಉಸಿರು ಬಿಗಿಹಿಡಿದು ಅಂಕಲ್‌ರ ತೋಳು ಚಿವುಟಿದಳು.

ಈ ಪಾಠಗಳನ್ನೆಲ್ಲ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು ಆಂಟಿ. ಸಂಘದ ಸಭೆಗಳಲ್ಲಿ ಮೇಂಟೆನೆನ್ಸ್ ಮಾತೆತ್ತಿದರೆ ಅಂಕಲ್ ಮೇಜು ಗುದ್ದಿ ಏಳುತ್ತಿದ್ದದ್ದು ಎಲ್ಲರಿಗೂ ಗೊತ್ತು. ಕಳೆದ ಸಭೆಯಲ್ಲಿ ಆಂಟಿ ಅವರನ್ನು ಖಜಾಂಚಿಯಿಂದ ಎಂಟು ಸಾಲು ಹಿಂದೆ ಕೂರಿಸಿದ್ದರು. ಖಜಾಂಚಿ ಎದ್ದು ನಿಂತಾಗ ಕೈಗೊಂದು ಕೋಡುಬಳೆ. ಕೂತಾಗ ಡಬ್ಬಿ ಮುಚ್ಚಿತು. ಅಂಕಲ್ ತುಟಿ ಪಿಟಕ್ಕೆನ್ನಲಿಲ್ಲ.

ಆಷಾಢ ಮುಗಿಯುವ ವಾರ ಬ್ರೂನೋ ಮತ್ತು ಕೋಕೋ ಆರು ಅಡಿ ಅಂತರದಲ್ಲಿ, ಸಡಿಲ ಹಗ್ಗದಲ್ಲಿ, ಅಂಗಳದ ಈ ಕೊನೆಯಿಂದ ಆ ಕೊನೆಗೆ ನಡೆದವು. ಮೂರು ಸೆಕೆಂಡು ಮೂಸಿ ನೋಡಿದವು. ಕರೆದಾಗ ತಿರುಗಿ ಬಂದವು. ಕೋಕೋ ಮೇಡಂ ಚಪ್ಪಾಳೆ ತಟ್ಟಿದರು.

“ನಾನು ಅವತ್ತೇ ಹೇಳಿದ್ನಲ್ಲ ಅಂಕಲ್, ಸುಮ್ನೆ ಬಿಟ್ಬಿಡಿ, ತಾವೇ ಫ್ರೆಂಡ್ಸ್ ಆಗ್ತಾರೆ ಅಂತ. ಇಷ್ಟಕ್ಕೆ ಇಷ್ಟೆಲ್ಲ ಮಾಡಿದ್ರಿ!”

ಅಂಕಲ್‌ರ ಬಾಯಿ ಟಪ್ಪನೆ ಮುಚ್ಚಿತು. ಮೈ ಕಲ್ಲಾಯಿತು.

“ತಿರುಗು” ಎಂದರು ಆಂಟಿ, ಡಬ್ಬಿಯ ಮುಚ್ಚಳ ತೆಗೆಯುತ್ತಾ. ಇಬ್ಬರೂ ತಿರುಗಿದರು.