ಸೆಮಿನರಿಯ ಸಂಸಾರ
1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಸೆಮಿನರಿಗಳಿಗೆ, ಅಂದರೆ ಕ್ರೈಸ್ತ ಸಭಾಪಾಲಕರನ್ನು ಸಿದ್ಧಗೊಳಿಸುವ ವಿದ್ಯಾಲಯಗಳಿಗೆ, ಗಂಡ ಓದಲೆಂದೂ ಹೆಂಡತಿ ಪಾಠ ಹೇಳಲೆಂದೂ ಬಂದಿಳಿಯುವ ನವದಂಪತಿಗಳ ಮೊದಲ ಧರ್ಮಸಂಕಟವು ಬಾಡಿಗೆಮನೆಯ ಮುಂಗಡದಿಂದಲೇ ಆರಂಭವಾಗುತ್ತದೆ. ದಶಮಾಂಶವೆಂಬ ಪದ್ಧತಿಯಂತೆ ದೇವರಿಗೆ ಗಳಿಕೆಯ ಹತ್ತರಲ್ಲೊಂದು ಪಾಲು ಸಂದರೆ ಸಾಕು. ಮನೆಯ ಮಾಲೀಕರಿಗಾದರೋ, ಈ ನಗರದ ಹಳೆಯ ವಾಡಿಕೆಯಂತೆ, ಹತ್ತು ತಿಂಗಳ ಬಾಡಿಗೆ ಒಂದೇ ಕಂತಿನಲ್ಲಿ ಸಲ್ಲಬೇಕು.

ಹಾಲುಕ್ಕಿಸಿದ ಮೇಲಿನ ಅಧ್ಯಾಯವು ಅಡುಗೆಮನೆಯದು. ಬಲದಿಂದ ಎಡಕ್ಕೆ ಓದಬೇಕಾದ ಹೀಬ್ರೂ ವ್ಯಾಕರಣದಲ್ಲಿ ಮುಳುಗಿದ ಗಂಡನು ಕುಕ್ಕರಿನ ಸೀಟಿಯ ಲೆಕ್ಕ ತಪ್ಪಿ ಬೇಳೆಯನ್ನು ತಳ ಹಿಡಿಸುವುದೂ, ಆಪ್ತಸಮಾಲೋಚನೆಯನ್ನು, ಎಂದರೆ ನೊಂದವರ ಮಾತನ್ನು ತಾಳ್ಮೆಯಿಂದ ಆಲಿಸುವ ವಿದ್ಯೆಯನ್ನು, ದಿನವಿಡೀ ಬೋಧಿಸಿ ಬಂದ ಹೆಂಡತಿಯು ಅವನ ಸಮಜಾಯಿಷಿಯನ್ನು ಅರ್ಧಕ್ಕೇ ತಡೆದು ಪಾತ್ರೆ ತಿಕ್ಕಲು ಕಳಿಸುವುದೂ ಇಲ್ಲಿ ಪಠ್ಯಕ್ರಮದಷ್ಟೇ ನಿಯತವಾಗಿ ನಡೆಯುತ್ತವೆ.