ಕದ್ರಿಯ ಉಪಾಧ್ಯಾಯವರ್ಗದಲ್ಲಿ ಜಾಲಾಶ್ರಿತ ಧನವಿದ್ಯೆ: ಒಂದು ಪ್ರಮಾಣವಿಚಾರ

ಆಳುಪ ದೊರೆ ಕುಂದವರ್ಮನ ಕಾಲದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕುರಿತು ಪಂಡಿತರು ಈಗಾಗಲೇ ಸಾಕಷ್ಟು ಬರೆದಿರುವುದರಿಂದ, ಉಳಿದ ಶಾಯಿಯು ಒಣಗಿಹೋಗಬಾರದೆಂಬ ಕಾಳಜಿಯಿಂದ, ಅದೇ ಕದ್ರಿಗುಡ್ಡದ ಆಸುಪಾಸಿನ ಶಾಲೆಗಳಲ್ಲಿ ಉಪಾಧ್ಯಾಯರು ಅಂತರ್ಜಾಲದಿಂದ ಧನವಿದ್ಯೆಯನ್ನು ಸಂಗ್ರಹಿಸಿ ಶಿಷ್ಯರಿಗೆ ಉಪದೇಶಿಸುವ ಬಗೆಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಲಾಗಿದೆ.

ಪೂರ್ವಪಕ್ಷವು ಹೀಗಿದೆ: 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇದೇ ಮಂಗಳೂರಿನಲ್ಲಿ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದು ಕೆನರಾ ಬ್ಯಾಂಕಿಗೆ ಬೀಜ ಬಿತ್ತಿದ, 1928ರಲ್ಲಿ ಉಡುಪಿಯ ಸಿಂಡಿಕೇಟಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಪಿಗ್ಮಿ ಎತ್ತಿದ, 1931ರಲ್ಲಿ ಎ. ಬಿ. ಶೆಟ್ಟರು ವಿಜಯಾ ಬ್ಯಾಂಕನ್ನು ಕಟ್ಟಿದ ಈ ಸೀಮೆಯಲ್ಲಿ ಉಳಿತಾಯವನ್ನು ಕಲಿಸಲು ವೀಡಿಯೋ ಏತಕ್ಕೆ? ಸಿದ್ಧಾಂತವಾದರೋ ಇದು: ವಿಜಯಾ ಬ್ಯಾಂಕು 2019ರಲ್ಲಿ ಬರೋಡಾದಲ್ಲಿಯೂ, ಸಿಂಡಿಕೇಟು 2020ರಲ್ಲಿ ಕೆನರಾದಲ್ಲಿಯೂ ಐಕ್ಯವಾಗಿ, ಅಜ್ಜನ ಪಾಸುಪುಸ್ತಕದ ಹೆಸರು ಯಾವ ಫಲಕದ ಮೇಲೂ ಕಾಣದಂತಾಗಿರುವಲ್ಲಿ, ರಿಸರ್ವ್ ಬ್ಯಾಂಕಿನ ಜಾಲತಾಣದ ‘ರಾಜು ಮತ್ತು ಹಣದ ಮರ’ ಎಂಬ ಚಿತ್ರಕಥೆಯನ್ನೂ, ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರದವರು ಆರರಿಂದ ಹತ್ತನೆಯ ತರಗತಿಯವರೆಗೆ ರಚಿಸಿರುವ ಅಭ್ಯಾಸಪುಸ್ತಕಗಳನ್ನೂ ಬಿಟ್ಟರೆ ಬಡ ಉಪಾಧ್ಯಾಯನಿಗೆ ಅನ್ಯಥಾ ಶರಣಂ ನಾಸ್ತಿ.

ಇನ್ನು ಪ್ರಮಾಣಗಳು. ಪ್ರತ್ಯಕ್ಷದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಮಳೆಗಾಲದಲ್ಲಿ ನೆಟ್ಟು ನಿಂತು ಪರದೆಯ ನಡುವೆ ಚಕ್ರವೊಂದು ತಿರುಗತೊಡಗಿದಾಗ ಹಿಂಬೆಂಚಿನವರು ಅದನ್ನೇ ಚಕ್ರಬಡ್ಡಿಯ ಚಿತ್ರವೆಂದು ತಿಳಿದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವರೆಂಬುದಷ್ಟೇ ವಿಶೇಷ.

ಅನುಮಾನಪ್ರಮಾಣವು ಇದಕ್ಕಿಂತ ಕಠಿಣವಾದುದು. ಎಪ್ಪತ್ತೆರಡನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣವು ಇಮ್ಮಡಿಯಾಗುವ ವರ್ಷಗಳು ದೊರಕುವುವು, ಆರು ಶೇಕಡಾಕ್ಕೆ ಹನ್ನೆರಡು, ಎಂಟಕ್ಕೆ ಒಂಬತ್ತು ಎಂದು ಜಾಲದ ಪಾಠವನ್ನು ಬೋರ್ಡಿನ ಮೇಲೆ ಇಳಿಸಿದ ಗಣಿತದ ಅಧ್ಯಾಪಿಕೆಯನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ನಿಮ್ಮದು ಡಬ್ಬಲ್ ಆಗಿ ಉಂಟಾ?” ಎಂದು ಕೇಳಿದಳೆಂದೂ, ಅದಕ್ಕೆ ಉತ್ತರವಾಗಿ “ನಿನ್ನೆಯ ಹೋಂವರ್ಕ್ ಎಲ್ಲಿ ಉಂಟು?” ಎಂಬ ಪ್ರತಿಪ್ರಶ್ನೆಯು ಹೊರಟಿತೆಂದೂ ಭಾವಿಸೋಣ. ಶಾಸ್ತ್ರಜ್ಞರು ಇದನ್ನು ಅರ್ಥಾಂತರವೆಂದಾರು, ಸೇವೆಯಲ್ಲಿರುವವರು ಅನುಭವವೆನ್ನುವರು.

ಶಬ್ದಪ್ರಮಾಣವೆಂದರೆ ಸ್ಟಾಫಿನ ವಾಟ್ಸಾಪ್ ಗುಂಪು. ಇಲ್ಲಿ ಎರಡು ಮತಗಳುಂಟು. 2006ರ ಏಪ್ರಿಲ್ 1ಕ್ಕೆ ಮುಂಚೆ ಸರಕಾರಿ ಸೇವೆಗೆ ಸೇರಿದ ಪ್ರಾಚೀನರು ಹಳೆಯ ಪಿಂಚಣಿಯೆಂಬ ನಿತ್ಯಪದಾರ್ಥದಲ್ಲಿ ನಂಬುಗೆಯುಳ್ಳವರಾಗಿ ಗುಂಪಿಗೆ ಶುಭೋದಯದ ಹೂಗಳನ್ನು ಮಾತ್ರ ಕಳುಹಿಸುವರು. ಅನಂತರ ಸೇರಿದ ನವ್ಯರು, ಎನ್‌ಪಿಎಸ್ ಎಂಬುದು ಮಾರುಕಟ್ಟೆಯೊಡನೆ ಏರಿ ಇಳಿಯತಕ್ಕದ್ದಾದ ಕಾರಣ, ನಡುರಾತ್ರಿಯಲ್ಲಿ ಕ್ಯಾಲ್ಕುಲೇಟರಿನ ಕೊಂಡಿಗಳನ್ನು ಹಂಚುವರು. ವಿದ್ಯಾರ್ಥಿಗಳಿಗೆ ಪಾಠವಾಗಿ ಒದಗುವುದು ನವ್ಯರ ಈ ನಿದ್ರಾಭಂಗವೇ ಎಂದು ನಮ್ಮ ಅಭಿಪ್ರಾಯ.

ಇಷ್ಟಾಗಿ ಒಂದು ಶಂಕೆಯು ಉಳಿಯುತ್ತದೆ. “ಸಾಲದಿಂದ ದೂರವಿರಿ” ಎಂಬ ವೀಡಿಯೋ ಮುಗಿದು ಗಂಟೆ ಬಾರಿಸಿದೊಡನೆ, ಅದನ್ನು ತೋರಿಸಿದವರೇ ನೌಕರರ ಸಹಕಾರಿ ಸೊಸೈಟಿಯ ಅರ್ಜಿಯನ್ನು ಹಿಡಿದು ಸ್ಟಾಫ್‌ರೂಮಿಗೆ ನಡೆಯುವುದನ್ನು ಹೇಗೆ ಸಮರ್ಥಿಸುವುದು? ಸಮಾಜಶಾಸ್ತ್ರದವರಿಗೆ ಹಿಂದಿಯವರು ಜಾಮೀನು, ಹಿಂದಿಯವರಿಗೆ ಡ್ರಿಲ್ ಮಾಸ್ತರು ಜಾಮೀನು, ಡ್ರಿಲ್ ಮಾಸ್ತರಿಗೆ ಪುನಃ ಸಮಾಜಶಾಸ್ತ್ರದವರೇ ಜಾಮೀನು. ತಾರ್ಕಿಕರು ಅನ್ಯೋನ್ಯಾಶ್ರಯವೆಂಬ ದೋಷದ ಪಕ್ಕದಲ್ಲಿಡುವ ಈ ಸುತ್ತನ್ನು ಸೊಸೈಟಿಯ ಕಾರ್ಯದರ್ಶಿಯು ಭದ್ರತೆಯೆಂದು ಅಂಗೀಕರಿಸಿ ಮೊಹರು ಒತ್ತುತ್ತಾನೆ. ಈ ವಿಷಯವಾಗಿ ಯಾವ ಜಾಲತಾಣದಲ್ಲಿಯೂ ವೀಡಿಯೋ ದೊರಕದಿರುವುದರಿಂದ ಸ್ಟಾಫ್‌ರೂಮಿನ ಸಂವಾದವನ್ನೇ ಪ್ರಮಾಣವಾಗಿ ಗ್ರಹಿಸಬೇಕಾಗಿದೆ:

“ಮೇಡಂ, ನಿಮ್ಮದೊಂದು ಸೈನ್ ಬೇಕಿತ್ತು.”

“ಹೋದ ಸಲ ನನ್ನದಕ್ಕೆ ನೀವು ಹಾಕಿದ್ದೀರಲ್ಲ ಮಾರಾಯ್ರೆ, ತನ್ನಿ. ಎಷ್ಟು ಕಂತು?”