ಎರಡನೇ ಪಿಟೀಲು

ಎರಡನೇ ಪಿಟೀಲಿನವರಿಗೆ ಒಳ್ಳೆಯ ಧಾಟಿಯೊಂದು ಸಿಗುವುದು ಹಬ್ಬಕ್ಕೋ ಹುಣ್ಣಿಮೆಗೋ. ಮಿಕ್ಕ ಹೊತ್ತೆಲ್ಲ ನಮ್ಮ ಪಾಲಿಗೆ ಬರುವುದು ‘ಟಕ ಟಕ’, ಇಲ್ಲವೇ ಒಂದೇ ಸ್ವರವನ್ನು ಮೂರು ಸಾಲಿನುದ್ದಕ್ಕೂ ಎಳೆಯುವ ಕೆಲಸ, ಅದೂ ಇಲ್ಲದಿದ್ದರೆ ಸುಮ್ಮನೆ ಕೂತು ಎಣಿಸುವ ಕೆಲಸ. ಆ ಎಣಿಕೆಗೂ ಒಂದು ಕ್ರಮವಿದೆ. ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು ಎಂದು ಮೊದಲ ಅಂಕಿಯಲ್ಲಿ ಬಾರುಗಳ ಲೆಕ್ಕ ಇಟ್ಟುಕೊಂಡು ಹೋಗಬೇಕು. ಇಪ್ಪತ್ತನಾಲ್ಕು ಬಾರುಗಳ ಮೌನ ಇದ್ದರೆ ನಡುವೆ ಎಲ್ಲೋ ಈಗ ಆದದ್ದು ಹದಿನೇಳೋ ಹದಿನೆಂಟೋ ಎಂಬ ಅನುಮಾನ ಬಂದೇ ಬರುತ್ತದೆ. ಆಗ ಪಕ್ಕದವರ ಕಮಾನನ್ನು ಓರೆಗಣ್ಣಿನಿಂದ ನೋಡಬೇಕು. ಅವರೂ ನಮ್ಮ ಕಮಾನನ್ನೇ ನೋಡುತ್ತಿದ್ದರೆ ದೇವರೇ ಗತಿ.

ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಚೇಂಬರ್ ಆರ್ಕೆಸ್ಟ್ರಾ ನಮ್ಮದು. ಇಪ್ಪತ್ತು ಚಿಲ್ಲರೆ ಜನ, ಬಹುಪಾಲು ತಂತಿವಾದ್ಯದವರು. ಸಂಬಳ ಪಡೆಯುವವರು ಕಂಡಕ್ಟರ್ ಒಬ್ಬರೇ. ಉಳಿದ ನಾವೆಲ್ಲ ನುಡಿಸುವುದಕ್ಕೆ ನಾವೇ ಟರ್ಮಿಗಿಷ್ಟು ಎಂದು ದುಡ್ಡು ಕೊಡುತ್ತೇವೆ. ಈ ವ್ಯವಸ್ಥೆಯನ್ನು ಮೈಸೂರಿನ ನನ್ನ ಚಿಕ್ಕಮ್ಮನಿಗೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಕೇಳೋಕೆ ಬರೋರಿಗೆ ಏನು ಕೊಡ್ತೀರೇ?” ಎಂದರು. ಅವರಿಗೆ ಟೀ ಕೊಡುತ್ತೇವೆ ಎಂದೆ.

ರಿಹರ್ಸಲ್ ನಡೆಯುವುದು ವಾರಕ್ಕೊಂದು ಸಂಜೆ, ಚರ್ಚಿನ ಹಿಂದಿನ ಹಾಲಿನಲ್ಲಿ. ಅಲ್ಲಿನ ಹೀಟರ್ ನಾವು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬಿಸಿಯಾಗುತ್ತದೆ. ಜನವರಿಯಲ್ಲಿ ಶ್ರುತಿ ಮಾಡಿಕೊಂಡ ತಂತಿ ಹತ್ತು ನಿಮಿಷಕ್ಕೆ ಮಾತು ತಪ್ಪುತ್ತದೆ. ನಮ್ಮಲ್ಲೊಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಪೋಸ್ಟ್‌ಮನ್, ಒಬ್ಬಳು ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇನ್ನೂ ಚೆನ್ನಾಗಿ ನುಡಿಸುವ ಹೈಸ್ಕೂಲು ಹುಡುಗಿ. ನನ್ನ ಪಕ್ಕದ ಕುರ್ಚಿಯವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಇಬ್ಬರಿಗೂ ಸೇರಿ ಒಂದೇ ಸ್ಟ್ಯಾಂಡ್, ಒಂದೇ ಪುಸ್ತಕ. ಸಭೆಯ ಕಡೆಗೆ ಕೂತವರು ನುಡಿಸುತ್ತಲೇ ಇರಬೇಕು, ಒಳಗಡೆ ಕೂತವರು ಪುಟ ತಿರುಗಿಸಬೇಕು, ಇದು ಆರ್ಕೆಸ್ಟ್ರಾಗಳ ಹಳೆಯ ಕಾನೂನು. ಒಳಗಡೆಯವಳು ನಾನು. ಹಾಗಾಗಿ ಪ್ರತಿ ಪುಟದ ಕೊನೆಯ ಮೂರು ನಾಲ್ಕು ಸ್ವರಗಳನ್ನು ಸಂಗೀತದ ಹೆಚ್ಚಿನ ಹಿತಕ್ಕಾಗಿ ಬಿಟ್ಟುಕೊಡುತ್ತೇನೆ. ಎಷ್ಟೋ ಕೃತಿಗಳಲ್ಲಿ ಕಷ್ಟದ ಜಾಗ ಇರುವುದು ಪುಟದ ಕೊನೆಗೇ ಎಂಬುದು ದೇವರು ಕೊಟ್ಟ ವರ.

ನಾನು ಪಿಟೀಲು ಕಲಿತದ್ದು ಈ ಚಿಕ್ಕಮ್ಮನ ಹತ್ತಿರವೇ. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ಬಲಗಾಲನ್ನು ಮುಂದೆ ಚಾಚಿ, ವಾದ್ಯದ ತಲೆಯನ್ನು ಕಾಲಿನ ಹರಡಿಗೆ ಆನಿಸಿ, ತಂತಿಗಳನ್ನು ಸ-ಪ-ಸ-ಪ ಶ್ರುತಿ ಮಾಡಿಕೊಂಡು, ಸರಳೆ ವರಸೆ, ಜಂಟಿ ವರಸೆ. ವಾದ್ಯದ ಎರಡು ತುದಿಯೂ ಭದ್ರ, ಎಡಗೈ ಮೇಲಕ್ಕೂ ಕೆಳಕ್ಕೂ ಜಾರಲು ಸ್ವತಂತ್ರ. ನಮ್ಮ ಗಮಕಗಳಿಗೆ ಬೇಕಾದ್ದೂ ಅದೇ. ಇಲ್ಲಿ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು, ಗಲ್ಲದ ಕೆಳಗೆ ವಾದ್ಯ ಸಿಕ್ಕಿಸಿಕೊಂಡು, ಪಕ್ಕದ ತಂತಿಗೆ ಐದೈದು ಸ್ವರದ ಅಂತರವಿರುವ ಜಿ-ಡಿ-ಎ-ಇ ಶ್ರುತಿಗೆ ಒಗ್ಗಿಕೊಳ್ಳಬೇಕು. ದೇಹ ಬೇಗ ಒಗ್ಗಿತು, ಬೆರಳು ಒಗ್ಗಲಿಲ್ಲ. ನಿಷಾದ ಕಂಡರೆ ಅದಕ್ಕೆ ಷಡ್ಜದ ಕಡೆ ಒಂದು ತುಡಿತ. ಒಮ್ಮೆ ಕಂಡಕ್ಟರು ಎಲ್ಲರನ್ನೂ ನಿಲ್ಲಿಸಿ ನಮ್ಮ ಸಾಲಿನ ಕಡೆ ಕಿವಿಯಾನಿಸಿ, “ಅದೇನೋ ಬಹಳ ಸೊಗಸಾಗಿದೆ, ಆದರೆ ಮೊಜಾರ್ಟ್ ಬರೆದದ್ದಲ್ಲ” ಎಂದರು. ಇಂಗ್ಲಿಷರ ಬೈಗುಳ ಎಂದರೆ ಇಷ್ಟೇ. ಕಾಲಿನಲ್ಲಿ ತಾಳ ಹಾಕುವಂತಿಲ್ಲ, ಒಂದು ಭಾಗ ಮುಗಿದಾಗ ಚಪ್ಪಾಳೆ ತಟ್ಟುವಂತಿಲ್ಲ, ಚೆಲ್ಲೊದವರು ಒಂದು ತಿರುವನ್ನು ಬಹಳ ಚೆನ್ನಾಗಿ ತೆಗೆದರೂ ತಲೆದೂಗಿ ‘ಭೇಷ್’ ಎನ್ನುವಂತಿಲ್ಲ. ಈ ಕೊನೆಯ ನಿಷೇಧ ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ಕಮಾನಿನ ವಿಚಾರವೊಂದನ್ನು ಹೇಳಲೇಬೇಕು. ಕಮಾನು ಕೆಳಕ್ಕೆ ಎಳೆಯುವುದೋ ಮೇಲಕ್ಕೆ ತಳ್ಳುವುದೋ ಎಂಬುದು ನಮ್ಮ ಕಡೆ ಬಹುಮಟ್ಟಿಗೆ ನುಡಿಸುವವರ ಇಷ್ಟ. ಇಲ್ಲಿ ಅದು ಸಂವಿಧಾನ. ಸಾಲಿನಲ್ಲಿರುವ ಎಲ್ಲರ ಕಮಾನೂ ಒಂದೇ ಗಳಿಗೆಯಲ್ಲಿ ಒಂದೇ ದಿಕ್ಕಿಗೆ ಹೋಗಬೇಕು. ಒಬ್ಬರ ಕಮಾನು ಎದುರು ದಿಕ್ಕಿಗೆ ಹೊರಟರೆ ಪಂಕ್ತಿಯಲ್ಲಿ ಎಡಗೈ ಊಟದವರು ಕೂತ ಹಾಗೆ, ಮೊಣಕೈಗೆ ಮೊಣಕೈ ತಾಗಿ ಆಚೀಚೆಯವರ ಊಟವೂ ಕೆಡುತ್ತದೆ. ದಿಕ್ಕು ನಿರ್ಧರಿಸುವ ಅಧಿಕಾರ ಮೊದಲ ಪಿಟೀಲಿನ ಮುಖ್ಯಸ್ಥೆಯದು. ಲೀಡರ್ ಎಂದೇ ಕರೆಯುತ್ತಾರೆ. ಅವರು ಹಿಂದಿರುಗಿ ಕಮಾನನ್ನು ಗಾಳಿಯಲ್ಲೇ ಎಳೆದು ತೋರಿಸುತ್ತಾರೆ. ಎಲ್ಲರ ಪೆನ್ಸಿಲೂ ಏಕಕಾಲಕ್ಕೆ ಕಿವಿಯ ಹಿಂದಿನಿಂದ ಹೊರಬರುತ್ತದೆ. ಮುಂದಿನ ವಾರ ಅವರ ಮನಸ್ಸು ಬದಲಾಗಿರುತ್ತದೆ, ಆಗ ರಬ್ಬರು. ಮೆತ್ತನೆಯ ಟೂಬಿ ಪೆನ್ಸಿಲೇ ಆಗಬೇಕು, ಪೆನ್ನು ತಂದವರನ್ನು ನಾವು ಸೇರಿಸುವುದಿಲ್ಲ. ಪುಸ್ತಕಗಳು ಲೈಬ್ರರಿಯಿಂದ ಬಾಡಿಗೆಗೆ ತಂದವು, ಹಿಂತಿರುಗಿಸುವ ಮುಂಚೆ ನಾವು ಬರೆದದ್ದನ್ನೆಲ್ಲ ಅಳಿಸಬೇಕೆಂದು ಕರಾರು.

ಅಳಿಸಬೇಕು ಸರಿ, ಆದರೆ ಯಾರೂ ಪೂರ್ತಿ ಅಳಿಸುವುದಿಲ್ಲ. ನನಗೆ ಈ ಪುಸ್ತಕಗಳನ್ನು ಓದುವುದೇ ಒಂದು ಚಟ. ಕಾಗದ ಹಳದಿಯಾಗಿರುತ್ತದೆ, ಮೂಲೆಗಳು ಎಷ್ಟೋ ಹೆಬ್ಬೆರಳುಗಳ ಎಣ್ಣೆ ಕುಡಿದು ಕಪ್ಪಾಗಿರುತ್ತವೆ. ಬಲಗಡೆ ಪುಟದ ಕೆಳಗೆ ಯಾರೋ ದಪ್ಪಗೆ ‘ವಿ.ಎಸ್.’ ಎಂದು ಬರೆದಿರುತ್ತಾರೆ. ಬೇಗ ತಿರುಗಿಸು, ಮುಂದಿನ ಪುಟದಲ್ಲಿ ಉಸಿರಾಡಲು ಜಾಗವಿಲ್ಲ ಎಂದು ಅದರ ಸೂಚನೆ. ಕಷ್ಟದ ತಿರುವಿನ ಮೇಲೆ ಒಂದು ಪುಟ್ಟ ಕನ್ನಡಕದ ಚಿತ್ರ ಇರುತ್ತದೆ. ಎರಡು ಸೊನ್ನೆ, ನಡುವೆ ಒಂದು ಗೀಟು. ಕಂಡಕ್ಟರ್ ಕಡೆ ನೋಡು ಎಂದು ಅರ್ಥ. ಒಂದು ಪುಸ್ತಕದಲ್ಲಿ ಒಂದೇ ಜಾಗಕ್ಕೆ ಮೂರು ಕನ್ನಡಕಗಳಿದ್ದವು, ಮೂರೂ ಬೇರೆ ಬೇರೆ ಕೈಯವು, ಕೊನೆಯದಕ್ಕೆ ಹುಬ್ಬು ಗಂಟಿಕ್ಕಿತ್ತು. ಮೂರು ತಲೆಮಾರಿನ ಎರಡನೇ ಪಿಟೀಲಿನವರು ಅದೇ ಬಾರಿನಲ್ಲಿ ಎಡವಿದ್ದಾರೆ. ನಮ್ಮ ಹೆಡ್‌ಮಿಸ್ಟ್ರೆಸ್ ಅದರ ಪಕ್ಕದಲ್ಲಿ ನಾಲ್ಕನೆಯದನ್ನು ಬರೆದರು.

ನಮ್ಮಂಥವರು ನುಡಿಸಲೆಂದೇ ದೊಡ್ಡವರು ಬರೆದಿಟ್ಟದ್ದೂ ಉಂಟು. ಎಲ್ಗರ್ 1892ರಲ್ಲಿ ಬರೆದ ತಂತಿವಾದ್ಯಗಳ ‘ಸೆರೆನೇಡ್’ ಇವತ್ತು ದೊಡ್ಡ ದೊಡ್ಡ ಹಾಲುಗಳಲ್ಲಿ ಮೆರೆಯುತ್ತದೆ. ಆ ವರ್ಷ ಅದನ್ನು ಮೊದಲು ನುಡಿಸಿದವರು ವೂಸ್ಟರ್ ಊರಿನ ಹೆಂಗಸರ ಆರ್ಕೆಸ್ಟ್ರಾ ಕ್ಲಾಸಿನವರು, ಹೊರಗಿನವರಿಗೆ ಟಿಕೆಟ್ಟಿಲ್ಲದೆ, ತಮ್ಮ ಪಾಡಿಗೆ ತಾವು. ಎಲ್ಗರ್ ಆ ಕಡೆಯಲ್ಲೇ ಮಕ್ಕಳಿಗೆ ಪಿಟೀಲು ಪಾಠ ಹೇಳಿ ಹೊಟ್ಟೆ ಹೊರೆದುಕೊಂಡಿದ್ದ ಮನುಷ್ಯ, ಸಂಜೆ ಪಾಠಕ್ಕೆ ಬರುವವರ ಬೆರಳು ಎಲ್ಲಿಯವರೆಗೆ ಹೋಗುತ್ತದೆಂದು ಬಲ್ಲವನು. ಹಾಗೆಯೇ ಹೋಲ್ಸ್ಟ್. ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ 1905ರಿಂದ ಸಾಯುವವರೆಗೆ ಮೇಷ್ಟ್ರಾಗಿದ್ದು, ಅಲ್ಲಿನ ಹುಡುಗಿಯರಿಗಾಗಿ ‘ಸೇಂಟ್ ಪಾಲ್ಸ್ ಸ್ವೀಟ್’ ಬರೆದ. ಅದರ ಕೊನೆಯ ಭಾಗದಲ್ಲಿ ಒಂದು ಹಳ್ಳಿ ಕುಣಿತದ ಧಾಟಿ ಕೊನೆಯೇ ಇಲ್ಲದಂತೆ ಸುತ್ತುತ್ತಿರುವಾಗ, ಅದರ ಅಡಿಯಿಂದ ಚೆಲ್ಲೊದವರು ‘ಗ್ರೀನ್‌ಸ್ಲೀವ್ಸ್’ ಎಂಬ ಹಳೆಯ ಹಾಡನ್ನು ಹೊತ್ತು ಏಳುತ್ತಾರೆ. ಎರಡು ಲಯ, ಒಂದರ ಮೇಲೊಂದು. ಕನ್ನಡಕದ ಚಿತ್ರ ಬೇಕಾಗುವುದು ಇಂಥಲ್ಲೇ. ಅಲ್ಲಿ ‘ಭೇಷ್’ ಎನ್ನದೆ ಇರುವುದು ಎಷ್ಟು ಕಷ್ಟವೆಂದು ಕೇಳಿದವರಿಗೇ ಗೊತ್ತು.

ಟೀ ವಿರಾಮದಲ್ಲಿ ಮೊದಮೊದಲು ನನ್ನನ್ನು ಮಾತಾಡಿಸುವವರು ಮೈಸೂರು ಎಂದ ತಕ್ಷಣ ಯೋಗಕ್ಕೆ ಬರುತ್ತಿದ್ದರು. ಒಂದು ಸಂಜೆ ಹೆಡ್‌ಮಿಸ್ಟ್ರೆಸ್ ಮುಂದೆ ನಮ್ಮ ಮಹಾರಾಜರ ಕತೆ ತೆಗೆದೆ. ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್. ಅದಕ್ಕೆ ಹಣದ ಜವಾಬ್ದಾರಿ ಹೊತ್ತವರು ಜಯಚಾಮರಾಜ ಒಡೆಯರು. ಬಡತನದಲ್ಲಿದ್ದ ರಷ್ಯದ ಮೆಟ್ನರ್‌ನ ಧ್ವನಿಮುದ್ರಣಗಳಿಗೆ ದುಡ್ಡು ಕೊಟ್ಟವರೂ ಅವರೇ. ಅವನು ತನ್ನ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದ. ಹೆಡ್‌ಮಿಸ್ಟ್ರೆಸ್ ಕಪ್ಪನ್ನು ಕೆಳಗಿಟ್ಟು, ಬಿಸ್ಕತ್ತಿನ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಅದನ್ನೇ ಮತ್ತೆ ಹೇಳಿದರು, ಶಾಲೆಯ ದನಿಯಲ್ಲಿ. ಅಂದಿನಿಂದ ಚಾಕೊಲೇಟ್ ಬಳಿದ ಬಿಸ್ಕತ್ತು ನನ್ನ ಸರದಿಯವರೆಗೂ ಉಳಿಯುತ್ತದೆ. ಅರಮನೆಯ ಋಣ ನಮ್ಮ ಮನೆತನದ ಮೇಲೆ ಈಗಲೂ ಹೀಗೆ ಬೆಳೆಯುತ್ತಿದೆ.

ಚೌಡಯ್ಯನವರ ಕತೆಯನ್ನೂ ಹೇಳಿದ್ದೇನೆ. ಮೈಕು ಇಲ್ಲದ ಕಾಲ, ಚೆಂಬೈಯಂಥವರ ಕಂಚಿನ ಕಂಠ, ತುಂಬಿದ ಸಭೆಯ ಹಿಂದಿನ ಸಾಲಿಗೆ ಪಕ್ಕವಾದ್ಯ ಕೇಳಿಸಬೇಕು. ಅದಕ್ಕಾಗಿ ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡವರು. ಬೆಂಗಳೂರಿನಲ್ಲಿ ಅವರ ಹೆಸರಿನ ಹಾಲನ್ನು ಕಟ್ಟಿರುವುದೂ ಪಿಟೀಲಿನ ಆಕಾರದಲ್ಲೇ. ಹಲ್ಲಿನ ಡಾಕ್ಟರಿಗೆ ಆ ಕಟ್ಟಡದ ಫೋಟೊ ತೋರಿಸಿದೆ, ಒಳಗೆ ಶ್ರುತಿ ಪೆಟ್ಟಿಗೆ ಎಲ್ಲಿದೆ ಎಂದು ಕೇಳಲಿಲ್ಲ, ಪಾರ್ಕಿಂಗ್ ಎಲ್ಲಿ ಎಂದರು.

ಆ ಪರಂಪರೆಯಿಂದ ಬಂದವಳಿಗೆ ಎರಡನೇ ಪಿಟೀಲಿನಲ್ಲಿ ಕಲಿಯಬೇಕಾದ್ದು ಇದರ ತದ್ವಿರುದ್ಧ ವಿದ್ಯೆ. ನಾವು ಐದು ಜನ ನುಡಿಸಿದರೆ ಐದು ಪಿಟೀಲು ಕೇಳಿಸಬಾರದು, ಒಂದು ದಪ್ಪನೆಯ ಪಿಟೀಲು ಕೇಳಿಸಬೇಕು. ನನ್ನದು ನನಗೇ ಬೇರೆಯಾಗಿ ಕೇಳಿಸಿತೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಇದು ಸೋಲಿನ ಮಾತಲ್ಲ. ಹಾಡುವವರ ನೆರಳಿನಂತೆ ಹಿಂಬಾಲಿಸಿ, ಅವರ ಸಂಗತಿ ಮುಗಿಯುವ ಮುಂಚೆಯೇ ಅದರ ಜಾಡು ಹಿಡಿಯುವ ಪಕ್ಕವಾದ್ಯದವರಿಗೂ ಈ ಸುಖ ಗೊತ್ತು. ಆದರೆ ಅವರಿಗೆ ಒಂದು ಸುತ್ತು ಸ್ವಂತ ಆಲಾಪನೆ ಉಂಟು, ಚಪ್ಪಾಳೆ ಉಂಟು, ಕೊನೆಗೆ ಶಾಲು. ನಮಗೆ ಸಿಗುವುದು ಬೇರೆ. ಹದಿನಾರು ಬಾರು ಸುಮ್ಮನೆ ‘ಟಕ ಟಕ’ ಹಾಕುತ್ತಿರುವಾಗ, ಇದ್ದಕ್ಕಿದ್ದಂತೆ ನಮ್ಮ ಮಧ್ಯಮವೊಂದು ವಯೋಲಾದವರ ಸ್ವರಕ್ಕೆ ಸರಿಯಾಗಿ ಕೂತು, ಮೇಲೆ ಮೊದಲ ಪಿಟೀಲಿನವರ ಧಾಟಿಗೆ ಬೇರೆಯೇ ಬಣ್ಣ ಬಂದುಬಿಡುತ್ತದೆ. ಸಭೆಯಲ್ಲಿ ಅದು ಯಾರ ಕೆಲಸವೆಂದು ತಿಳಿಯುವವರಿಲ್ಲ. ಹೆಡ್‌ಮಿಸ್ಟ್ರೆಸ್‌ಗೆ ತಿಳಿಯುತ್ತದೆ. ಕಣ್ಣನ್ನು ಪುಟದಿಂದ ಎತ್ತದೆ ಅವರು ಒಂದು ಹುಬ್ಬನ್ನು ಮಾತ್ರ ಏರಿಸುತ್ತಾರೆ. ಶಾಲಿನ ಬದಲು ಅದೇ.

ಕಛೇರಿಯ ವಿಡಿಯೊ ನೋಡಿ ಚಿಕ್ಕಮ್ಮ ಫೋನ್ ಮಾಡಿದರು. “ಎಲ್ಲ ಚೆನ್ನಾಗಿತ್ತು ಕಣೇ. ನಿನ್ನ ಪಿಟೀಲು ಮಾತ್ರ ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ” ಎಂದು ಮರುಕಪಟ್ಟರು. ನಾನು ಥ್ಯಾಂಕ್ಸ್ ಹೇಳಿದೆ. ಅವರು ಲೈನು ಸರಿಯಿಲ್ಲ ಎಂದುಕೊಂಡು ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳಿದರು.

ಈ ಸಲದ ಕಛೇರಿಗೆ ಹೈಡನ್‌ನ 45ನೇ ಸಿಂಫನಿ, ‘ಬೀಳ್ಕೊಡುಗೆ’ ಎಂದೇ ಹೆಸರಾದದ್ದು. 1772ರ ಮಾತು. ರಾಜಕುಮಾರ ನಿಕೊಲಾಸ್ ಎಸ್ಟರ್‌ಹಾಜಿ ತನ್ನ ಬೇಸಿಗೆ ಅರಮನೆಯಿಂದ ಕದಲುತ್ತಿಲ್ಲ, ವಾದ್ಯಗಾರರ ಹೆಂಡಿರು ಮಕ್ಕಳು ದೂರದ ಐಸೆನ್‌ಷ್ಟಾಟ್‌ನಲ್ಲಿ. ರಜೆ ಕೇಳುವ ಧೈರ್ಯ ಯಾರಿಗಿದೆ? ಹೈಡನ್ ಅರ್ಜಿಯನ್ನು ಸಿಂಫನಿಯಲ್ಲೇ ಬರೆದ. ಕೊನೆಯ ನಿಧಾನ ಭಾಗದಲ್ಲಿ ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮೇಣದ ಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಉಳಿಯುವುದು ಎರಡೇ ಪಿಟೀಲು. ರಾಜಕುಮಾರನಿಗೆ ಅರ್ಥವಾಯಿತು.

ನಮ್ಮಲ್ಲಿ ಅರ್ಥವಾಗಬೇಕಾದ್ದು ಇನ್ನೂ ಬಹಳ ಇತ್ತು. ಹಾಲಿನ ವಿಮೆಯವರು ಮೇಣದ ಬತ್ತಿಗೆ ಒಪ್ಪಲಿಲ್ಲ, ಸ್ಟ್ಯಾಂಡಿಗೆ ಸಿಕ್ಕಿಸುವ ಪುಟ್ಟ ಬ್ಯಾಟರಿ ದೀಪ ಬಂದವು. ಡಬಲ್ ಬಾಸ್‌ನವರಿಗೆ ಹೊರಡುವ ಮುಂಚೆ ಒಂದು ಸೊಗಸಾದ ಸ್ವಂತ ಪಾಲಿದೆ, ಅವರ ಜೀವಮಾನದಲ್ಲಿ ಅಪರೂಪ. ಅದು ಮುಗಿದ ಮೇಲೆ ಅಷ್ಟು ದೊಡ್ಡ ವಾದ್ಯವನ್ನು ಹೊತ್ತು ಇಕ್ಕಟ್ಟಿನ ಬಾಗಿಲಲ್ಲಿ ನುಸುಳುವುದೋ, ಅಲ್ಲೇ ಮಲಗಿಸಿ ಹೋಗುವುದೋ? ಮಲಗಿಸಿ ಹೋದರೆ ಜಗಳವಾಡಿಕೊಂಡು ಹೋದ ಹಾಗೆ ಕಾಣುತ್ತದೆ ಎಂದು ಅವರ ವಾದ. ಅರ್ಧ ರಿಹರ್ಸಲ್ ಅದರಲ್ಲೇ ಹೋಯಿತು. ಕೊನೆಗೆ ಹೊತ್ತೇ ಹೋದರು, ಬಾಗಿಲು ತಾಗಿ ‘ಢಂ’ ಎಂದಾಗ ಸಭೆಯವರು ಅದನ್ನೂ ಹೈಡನ್ ಲೆಕ್ಕಕ್ಕೇ ಬರೆದುಕೊಂಡು ನಕ್ಕರು.

ಹೊರಗೆ ಹೋದವರೆಲ್ಲ ಸೇರುವುದು ಅಡುಗೆಮನೆಯಲ್ಲಿ, ಅಲ್ಲಿ ಸಭಿಕರಿಗೆಂದು ಜೋಡಿಸಿಟ್ಟ ನಿಂಬೆ ಕೇಕು. ಮೊದಲು ಹೊರಟದ್ದು ಒಂದು ಓಬೊ, ಒಂದು ಹಾರ್ನ್, ಆಮೇಲೆ ಬಸೂನ್; ಇವರೆಲ್ಲ ಈ ಕಛೇರಿಗೆಂದೇ ಬೇರೆ ಊರಿನಿಂದ ಎರವಲು ಬಂದವರು, ಹಸಿದಿದ್ದರು. ಚೆಲ್ಲೊದವರ ಬೆನ್ನಿಗೆ ನಾವು ಸಾಲಿನ ಪಿಟೀಲಿನವರು, ನಮ್ಮ ನಂತರ ವಯೋಲಾ. ನನಗೆ ಅಂಚಿನ ಒಂದು ತುಂಡು ಸಿಕ್ಕಿತು. ವಯೋಲಾದವರಿಗೆ ತಟ್ಟೆ ಸಿಕ್ಕಿತು. ಒಳಗೆ ಇನ್ನೂ ಆ ಎರಡು ಪಿಟೀಲು ನಡೆಯುತ್ತಿರುವಾಗಲೇ ಹೈಡನ್‌ಗೆ ತಮ್ಮ ಮೇಲೆ ಏನು ಸಿಟ್ಟಿತ್ತೆಂಬ ಚರ್ಚೆ ಪಿಸುಮಾತಿನಲ್ಲಿ ಶುರುವಾಯಿತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು, ಕಂಡಕ್ಟರು ಬಾಗಿಲಿಗೆ ಬಂದು ಎಲ್ಲರೂ ಒಳಗೆ ಬಂದು ತಲೆಬಾಗಿ ಎಂದು ಕೈಸನ್ನೆ ಮಾಡಿದರು. ಓಬೊದವರಿಗೆ ಮುಗುಳ್ನಗಲು ಆಗಲಿಲ್ಲ, ಬಾಯಿ ತುಂಬ ಕೇಕು.